ಸ್ವಾರ್ಥವನ್ನು ಧರ್ಮವೆಂದ ಕಾದಂಬರಿಗಳು

ತತ್ತ್ವವಿಚಾರವು ಜನಸಾಮಾನ್ಯರ ಮನಸ್ಸನ್ನು ಪ್ರವೇಶಿಸುವುದು ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಾಗಿ ಕಥೆಗಳ ಮೂಲಕ. ಶಾಸ್ತ್ರದ ಮಾತನ್ನು ಓದುಗನು ತರ್ಕದಿಂದ ಎದುರಿಸುತ್ತಾನೆ. ಕಥೆಗಾದರೋ ತನ್ನ ಮನಸ್ಸನ್ನೇ ಒಪ್ಪಿಸಿಬಿಡುತ್ತಾನೆ. ನಾಯಕನ ಗೆಲುವನ್ನು ಕಂಡು ಹಿಗ್ಗುವಾಗ, ಆ ನಾಯಕನು ನಂಬಿದ ತತ್ತ್ವವೂ ಗೆದ್ದಿತೆಂಬ ಭಾವನೆ ತಾನಾಗಿಯೇ ಮೂಡುತ್ತದೆ. ಆದುದರಿಂದ ಕಥೆಯ ವೇಷದಲ್ಲಿ ಬಂದ ತತ್ತ್ವವನ್ನು ಪರೀಕ್ಷಿಸುವುದು ಕಷ್ಟದ ಕೆಲಸ. ಅಷ್ಟೇ ಅವಶ್ಯವಾದ ಕೆಲಸವೂ ಹೌದು.

ಇಂತಹ ಪರೀಕ್ಷೆಯನ್ನು ಬೇಡುವ ಕೃತಿಗಳಲ್ಲಿ, ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಐನ್ ರಾಂಡ್ ಎಂಬ ಲೇಖಕಿಯ ಕಾದಂಬರಿಗಳು ಪ್ರಮುಖವಾದವು. 1943ರಲ್ಲಿ ಪ್ರಕಟವಾದ 'ದಿ ಫೌಂಟನ್‌ಹೆಡ್' ಮತ್ತು 1957ರಲ್ಲಿ ಪ್ರಕಟವಾದ 'ಅಟ್ಲಾಸ್ ಶ್ರಗ್ಡ್' ಇಂದಿಗೂ ಅಚ್ಚಾಗುತ್ತಿವೆ. ಭಾರತದಲ್ಲಿ ಇಂಗ್ಲಿಷ್ ಓದುವ ಕಾಲೇಜು ತರುಣರ ಕೈಯಲ್ಲಿ ಹಲವು ದಶಕಗಳಿಂದ ಈ ಪುಸ್ತಕಗಳು ಕಾಣುತ್ತಿವೆ. ವ್ಯಾಪಾರದ ಮನೆತನಗಳಲ್ಲಿ ಬೆಳೆದವರಿಗೆ ಅವುಗಳ ಆಕರ್ಷಣೆ ಇನ್ನೂ ಹೆಚ್ಚು ಎಂದರೆ ಆಶ್ಚರ್ಯವಿಲ್ಲ. ವ್ಯಾಪಾರಿಯನ್ನು ಲೋಭಿಯೆಂದು ಜರೆಯುವ ಕಥೆಗಳೇ ತುಂಬಿದ್ದ ಸಾಹಿತ್ಯಲೋಕದಲ್ಲಿ ರಾಂಡ್ ಅವನನ್ನು ನಾಯಕನ ಪೀಠದಲ್ಲಿ ಕೂರಿಸಿದರು. ಆ ಪುಸ್ತಕಗಳನ್ನು ಓದಿ ಮುಗಿಸಿದ ತರುಣನಲ್ಲಿ ಒಂದು ಪ್ರಶ್ನೆ ಏಳುತ್ತದೆ: 'ನಾನು ದುಡಿದದ್ದು ನನ್ನದು, ಅದರ ಮೇಲೆ ಬಂಧುಗಳಿಗೆ, ಊರಿಗೆ, ಬಸದಿಗೆ, ಛತ್ರಕ್ಕೆ ಏನು ಹಕ್ಕು?' ಈ ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ಸುಲಭ. ಆದರೆ ಉತ್ತರ ಕೊಡುವುದು ಹಿರಿಯರಿಗೆ ಒಪ್ಪುವ ಮಾರ್ಗ.

ಪೀಟರ್ಸ್‌ಬರ್ಗಿನ ಹಳೆಯ ವಾದ

ಸ್ವಾರ್ಥವನ್ನು ವಿವೇಕದ ತಳಹದಿಯ ಮೇಲೆ ನಿಲ್ಲಿಸಿ ಕಾದಂಬರಿಯ ಮೂಲಕ ಸಾರುವ ಪ್ರಯತ್ನವನ್ನು ರಾಂಡ್ ಅವರೇ ಮೊದಲು ಮಾಡಿದವರಲ್ಲ. ಅವರು ಹುಟ್ಟಿದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿಯೇ, ಅವರ ಜನನಕ್ಕೆ ನಾಲ್ಕು ದಶಕಗಳಷ್ಟು ಹಿಂದೆ, ಈ ಪ್ರಯತ್ನ ನಡೆದಿತ್ತು. ನಿಕೊಲಾಯ್ ಚೆರ್ನಿಶೆವ್‌ಸ್ಕಿ ಎಂಬ ವಿಚಾರವಾದಿಯು ಅಲ್ಲಿನ ಪೀಟರ್-ಪಾಲ್ ಕೋಟೆಯ ಸೆರೆಮನೆಯಲ್ಲಿದ್ದುಕೊಂಡು ಬರೆದ 'ಏನು ಮಾಡಬೇಕು?' ಎಂಬ ಕಾದಂಬರಿ 1863ರಲ್ಲಿ ಪ್ರಕಟವಾಯಿತು. ಮನುಷ್ಯನು ತನ್ನ ಹಿತವನ್ನು ವಿವೇಕದಿಂದ ಅರಿತು ನಡೆದರೆ ಸಾಕು, ಸಮಾಜವೆಲ್ಲ ತಾನಾಗಿಯೇ ಸುಖದ ನೆಲೆಯಾಗುವುದು ಎಂಬುದು ಅದರ ಸಾರ. ಆ ಕಥೆಯ ನಾಯಕಿ ವೇರಾ ಪಾವ್ಲೊವ್ನಾ ಹೊಲಿಗೆಯ ಕಾರ್ಯಾಗಾರವೊಂದನ್ನು ತೆರೆದು, ಲಾಭವನ್ನು ದುಡಿಯುವ ಹೆಂಗಸರಿಗೆಲ್ಲ ಹಂಚುತ್ತಾಳೆ.

ಮರುವರ್ಷವೇ ದಾಸ್ತೊಯೆವ್‌ಸ್ಕಿ ತಮ್ಮ ಕಿರುಕಾದಂಬರಿಯೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮನುಷ್ಯನು ಲಾಭನಷ್ಟದ ಕೋಷ್ಟಕದಂತೆ ನಡೆಯುವ ಯಂತ್ರವಲ್ಲ. ತನ್ನ ಹಿತಕ್ಕೆ ವಿರುದ್ಧವೆಂದು ತಿಳಿದೂ ಹಠದಿಂದ ನಡೆಯಬಲ್ಲ ಪ್ರಾಣಿ ಎಂಬುದು ಆ ಉತ್ತರದ ತಿರುಳು. ಚೆರ್ನಿಶೆವ್‌ಸ್ಕಿಯ ಕಾದಂಬರಿಯನ್ನು ಬಹುವಾಗಿ ಮೆಚ್ಚಿದ ಲೆನಿನ್, 1902ರ ತಮ್ಮ ರಾಜಕೀಯ ಪುಸ್ತಿಕೆಗೆ ಅದರ ಹೆಸರನ್ನೇ ಇಟ್ಟರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಿವೇಕಯುಕ್ತ ಸ್ವಾರ್ಥವೆಂಬ ಒಂದೇ ಬೀಜದಿಂದ ಚೆರ್ನಿಶೆವ್‌ಸ್ಕಿ ಸಾಮೂಹಿಕ ಒಡೆತನದ ಕಥೆಯನ್ನು ಬೆಳೆಸಿದರು. ರಾಂಡ್ ಯಾವ ನಿರ್ಬಂಧವೂ ಇಲ್ಲದ ಬಂಡವಾಳ ವ್ಯವಸ್ಥೆಯ ಕಥೆಯನ್ನು ಬೆಳೆಸಿದರು. ಇಬ್ಬರ ಕಥೆಗಳಲ್ಲೂ ತತ್ತ್ವವೇ ಗೆಲ್ಲುತ್ತದೆ. ಹಾಗಾದ ಮೇಲೆ ಕಥೆಯೊಳಗಿನ ಗೆಲುವು ತತ್ತ್ವಕ್ಕೆ ಪ್ರಮಾಣವಾಗಲಾರದು ಎಂಬುದು ಸ್ಪಷ್ಟ.

ಅನ್ಯಾಯದ ಅನುಭವ

ಐನ್ ರಾಂಡ್ ಅವರ ಮೊದಲ ಹೆಸರು ಅಲಿಸಾ ರೋಸೆನ್‌ಬಾಮ್. 1905ರ ಫೆಬ್ರವರಿ 2ರಂದು ಯಹೂದಿ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂದೆ ಔಷಧದ ಅಂಗಡಿಯ ಒಡೆಯರು. 1917ರ ಬೊಲ್ಶೆವಿಕ್ ಕ್ರಾಂತಿಯ ನಂತರ ಆ ಅಂಗಡಿಯನ್ನು ಸರ್ಕಾರ ವಶಪಡಿಸಿಕೊಂಡಿತು. ವರ್ಷಾನುವರ್ಷ ಶ್ರಮಿಸಿ ಕಟ್ಟಿದ ಅಂಗಡಿಗೆ ಒಂದು ದಿನ ಬೀಗಮುದ್ರೆ ಬೀಳುವುದನ್ನು ಹನ್ನೆರಡು ಹದಿಮೂರರ ಬಾಲಕಿ ಕಣ್ಣಾರೆ ಕಂಡಳು. ಲೋಕಹಿತದ ಹೆಸರಿನಲ್ಲಿ ನಡೆದ ಆ ಅನ್ಯಾಯವು ಆಕೆಯ ಮುಂದಿನ ಬರಹಕ್ಕೆಲ್ಲ ಮೂಲವಾಯಿತು. 'ಪರಹಿತ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಆಕೆಗೆ ಬಂದೂಕು ಹಿಡಿದು ಬಂದವರ ನೆನಪಾಗುತ್ತಿದ್ದಿರಬೇಕು.

1924ರಲ್ಲಿ ಪೆಟ್ರೊಗ್ರಾಡ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಮುಗಿಸಿ 1926ರಲ್ಲಿ ಆಕೆ ಅಮೆರಿಕಕ್ಕೆ ಬಂದರು. ಹತ್ತು ವರ್ಷಗಳ ನಂತರ ಪ್ರಕಟವಾದ ಮೊದಲ ಕಾದಂಬರಿ 'ವಿ ದಿ ಲಿವಿಂಗ್' (1936) ಸೋವಿಯತ್ ಆಳ್ವಿಕೆಯಲ್ಲಿ ನಲುಗಿದ ತರುಣಿಯ ಕಥೆ. ಕಂಡುಂಡದ್ದನ್ನು ಬರೆದ ಆ ಕೃತಿಯಲ್ಲಿ ಎದುರಾಳಿಯಾದ ಕಮ್ಯುನಿಸ್ಟ್ ತರುಣನಿಗೂ ಅಂತಃಕರಣವಿದೆ. ಮುಂದಿನ ಕಾದಂಬರಿಗಳಲ್ಲಿ ಅನುಭವದ ಜಾಗವನ್ನು ಸಿದ್ಧಾಂತವು ಆಕ್ರಮಿಸಿತು. ಎದುರಾಳಿಗಳಿಗೆ ಅಂತಃಕರಣ ಉಳಿಯಲಿಲ್ಲ.

ಎರಡು ಕಾದಂಬರಿಗಳು

ಹನ್ನೆರಡು ಪ್ರಕಾಶಕರು ತಿರಸ್ಕರಿಸಿದ ಮೇಲೆ ಬೆಳಕು ಕಂಡ 'ದಿ ಫೌಂಟನ್‌ಹೆಡ್' ಕೃತಿಯ ನಾಯಕ ಹೊವಾರ್ಡ್ ರೋರ್ಕ್ ಒಬ್ಬ ವಾಸ್ತುಶಿಲ್ಪಿ. ಯಾರ ಮೆಚ್ಚುಗೆಗೂ ಕಾಯದೆ, ಯಾರ ಒತ್ತಡಕ್ಕೂ ಮಣಿಯದೆ ತನ್ನ ಕಲ್ಪನೆಯಂತೆಯೇ ಕಟ್ಟಡ ಕಟ್ಟುವ ಅವನ ನಿಷ್ಠೆ ಯಾರಿಗಾದರೂ ಗೌರವ ಹುಟ್ಟಿಸುವಂತಹುದು. ಕಾದಂಬರಿಯ ನಿಜವಾದ ಬಲವೂ ಅಲ್ಲಿಯೇ ಇದೆ. ಆದರೆ ಕಥೆಯ ಶಿಖರಘಟ್ಟವನ್ನು ವ್ಯವಹಾರಜ್ಞನ ಕಣ್ಣಿನಿಂದ ನೋಡಬೇಕು. ಬಡವರ ವಸತಿಗಾಗಿ ಸರ್ಕಾರ ಕಟ್ಟಿಸುವ ಕೋರ್ಟ್‌ಲ್ಯಾಂಡ್ ಎಂಬ ಗೃಹಸಮುಚ್ಚಯದ ನಕ್ಷೆಯನ್ನು ರೋರ್ಕ್ ರಹಸ್ಯವಾಗಿ ಬರೆದುಕೊಡುತ್ತಾನೆ. ಪೀಟರ್ ಕೀಟಿಂಗ್ ಅದನ್ನು ತನ್ನದೆಂದು ಸರ್ಕಾರಕ್ಕೆ ಒಪ್ಪಿಸುತ್ತಾನೆ. ನಕ್ಷೆಯಂತೆಯೇ ಕಟ್ಟಬೇಕೆಂಬುದಷ್ಟೇ ರೋರ್ಕನ ಷರತ್ತು. ಇತರರು ನಕ್ಷೆಯನ್ನು ಬದಲಿಸಿದಾಗ ಅವನು ಕಟ್ಟಡವನ್ನು ಸಿಡಿಮದ್ದಿನಿಂದ ಉರುಳಿಸುತ್ತಾನೆ. ನ್ಯಾಯಾಲಯದಲ್ಲಿ ಉದ್ದವಾದ ಭಾಷಣ ಮಾಡುತ್ತಾನೆ. ಪಂಚರು ನಿರಪರಾಧಿಯೆಂದು ಬಿಡುತ್ತಾರೆ.

ಈ ವ್ಯವಹಾರದಲ್ಲಿ ಕರಾರು ನಡೆದದ್ದು ರೋರ್ಕ್ ಮತ್ತು ಕೀಟಿಂಗ್ ಇವರ ನಡುವೆ. ಹಣ ಹೂಡಿದ ಸರ್ಕಾರಕ್ಕಾಗಲಿ, ಆ ಮನೆಗಳಿಗಾಗಿ ಕಾದಿದ್ದ ಬಡವರಿಗಾಗಲಿ ನಕ್ಷೆ ರೋರ್ಕನದೆಂಬ ಅರಿವೇ ಇಲ್ಲ. ಒಬ್ಬನ ಸರಕನ್ನು ಇನ್ನೊಬ್ಬನ ಮುದ್ರೆ ಒತ್ತಿ ಮಾರುವುದನ್ನು ಯಾವ ಪೇಟೆಯಲ್ಲಿಯೂ ಪ್ರಾಮಾಣಿಕತೆ ಎನ್ನುವುದಿಲ್ಲ. ಕಾದಂಬರಿಯ ಕೊನೆಯಲ್ಲಿ ಧನಿಕನೊಬ್ಬನು ಆ ಜಾಗವನ್ನು ಕೊಂಡು ಮೂಲನಕ್ಷೆಯಂತೆ ಕಟ್ಟಿಸುವುದರಿಂದ ಎಲ್ಲರ ನಷ್ಟವೂ ತುಂಬಿದಂತೆ ತೋರುತ್ತದೆ. ಆ ಧನಿಕನನ್ನು ಕಳುಹಿಸಿಕೊಟ್ಟವರು ಲೇಖಕಿ. ಲೋಕದಲ್ಲಿ ಅಂತಹವನು ಸಮಯಕ್ಕೆ ಸರಿಯಾಗಿ ಬರುವನೆಂಬ ಭರವಸೆಯಿಲ್ಲ.

1168 ಪುಟಗಳ 'ಅಟ್ಲಾಸ್ ಶ್ರಗ್ಡ್' ಇನ್ನೂ ವಿಸ್ತಾರವಾದ ಕಥನ. ಸರ್ಕಾರದ ಕಟ್ಟಳೆಗಳಿಂದ ಬೇಸತ್ತ ಉದ್ಯಮಿಗಳು, ಸಂಶೋಧಕರು ಜಾನ್ ಗಾಲ್ಟ್ ಎಂಬವನ ಮುಂದಾಳುತನದಲ್ಲಿ ಮುಷ್ಕರ ಹೂಡಿ ಕೊಲೊರಾಡೋದ ಪರ್ವತಗಳ ನಡುವಿನ ಕಣಿವೆಯೊಂದಕ್ಕೆ ಸರಿದುಹೋಗುತ್ತಾರೆ. ಹೊರಗಿನ ಲೋಕ ಕುಸಿಯುತ್ತದೆ. 'ಶಕ್ತಿಯಿದ್ದಷ್ಟು ದುಡಿ, ಅಗತ್ಯವಿದ್ದಷ್ಟು ಪಡೆ' ಎಂಬ ನಿಯಮವನ್ನು ಹೇರಿದ ಮೋಟಾರು ಕಾರ್ಖಾನೆಯೊಂದರ ವೃತ್ತಾಂತ ಅಲ್ಲಿ ಬರುತ್ತದೆ. ಹೆಚ್ಚು ದುಡಿದವನಿಗೆ ಹೆಚ್ಚು ಹೊರೆ ಬೀಳುತ್ತದೆ. ಕ್ರಮೇಣ ಎಲ್ಲರೂ ತಮ್ಮ ಸಾಮರ್ಥ್ಯವನ್ನು ಮರೆಮಾಚಿ ತಮ್ಮ ಕಷ್ಟಗಳನ್ನು ಮೆರೆಸತೊಡಗುತ್ತಾರೆ. ಬಲವಂತದ ಸಮಾನತೆಯು ಮನುಷ್ಯರ ನಡುವಿನ ಸ್ನೇಹವನ್ನೇ ಹೇಗೆ ಕೊಲ್ಲುವುದೆಂಬ ಈ ಚಿತ್ರಣದಲ್ಲಿ ಸತ್ಯಾಂಶವಿದೆಯೆಂದು ಒಪ್ಪಲೇಬೇಕು.

ಆದರೆ ಅದೇ ಗ್ರಂಥದಲ್ಲಿ ಸುರಂಗದ ದುರಂತವೂ ಇದೆ. ಅಧಿಕಾರಸ್ಥನೊಬ್ಬನ ಹಠಕ್ಕಾಗಿ ಕಲ್ಲಿದ್ದಲಿನ ಎಂಜಿನ್ ಕಟ್ಟಿದ ರೈಲನ್ನು ಉದ್ದನೆಯ ಸುರಂಗದೊಳಗೆ ಕಳುಹಿಸುತ್ತಾರೆ. ಪ್ರಯಾಣಿಕರು ಹೊಗೆಯಲ್ಲಿ ಉಸಿರುಗಟ್ಟಿ ಸಾಯುತ್ತಾರೆ. ಅದಕ್ಕೆ ಮೊದಲು ಲೇಖಕಿ ಬೋಗಿಯಿಂದ ಬೋಗಿಗೆ ಹೋಗಿ, ಪ್ರತಿಯೊಬ್ಬ ಪ್ರಯಾಣಿಕನೂ ಯಾವ ತಪ್ಪು ವಿಚಾರವನ್ನು ನಂಬಿದ್ದನೆಂದು ಪಟ್ಟಿ ಮಾಡುತ್ತಾರೆ. ಅವರಲ್ಲಿ ಇಬ್ಬರು ಮಕ್ಕಳನ್ನು ಮಲಗಿಸಿದ ತಾಯಿಯೂ ಒಬ್ಬಳು. ಆಕೆಯ ಗಂಡ ಸರ್ಕಾರಿ ನೌಕರಿಯಲ್ಲಿದ್ದುದು, ಆಕೆ ಅದನ್ನು ಸಮರ್ಥಿಸಿದುದು ಅಲ್ಲಿ ದಾಖಲಾಗಿರುವ ದೋಷ. ಮಲಗಿದ್ದ ಮಕ್ಕಳ ದೋಷವೇನೆಂಬುದನ್ನು ಮಾತ್ರ ಹೇಳಿಲ್ಲ.

ವಿಮರ್ಶಕರ ಆಕ್ಷೇಪಗಳು

ರಾಂಡ್ ತಮ್ಮ ದರ್ಶನಕ್ಕೆ 'ವಸ್ತುನಿಷ್ಠವಾದ' ಎಂಬ ಅರ್ಥದ ಹೆಸರಿಟ್ಟರು. ಅವರ ಮಾತನ್ನು ಅವರ ಅರ್ಥದಲ್ಲಿಯೇ ಹೇಳುವುದು ನ್ಯಾಯ. ಸ್ವಾರ್ಥವೆಂದರೆ ಇತರರನ್ನು ದೋಚುವುದೆಂದು ಅವರು ಹೇಳಲಿಲ್ಲ. ಮೋಸ, ಬಲಾತ್ಕಾರಗಳನ್ನು ಅವರು ಖಂಡಿಸಿದರು. ಯಾರೂ ಮತ್ತೊಬ್ಬರಿಗಾಗಿ ತನ್ನನ್ನು ಬಲಿಕೊಡಬಾರದು, ತನಗಾಗಿ ಮತ್ತೊಬ್ಬರನ್ನೂ ಬಲಿತೆಗೆದುಕೊಳ್ಳಬಾರದು. ಮನುಷ್ಯರ ನಡುವಿನ ಸಂಬಂಧ ಮೌಲ್ಯಕ್ಕೆ ಮೌಲ್ಯ ಕೊಡುವ ವ್ಯಾಪಾರದಂತಿರಬೇಕು ಎಂಬುದು ಅವರ ನಿಲುವು. ಯೋಗ್ಯನಿಗೆ, ಕೈಲಾದಾಗ ಮಾಡುವ ಸಹಾಯವನ್ನು ಅವರು ನಿಷೇಧಿಸಲಿಲ್ಲ. ಆದರೆ ಅದನ್ನು ಕರ್ತವ್ಯವೆಂದಾಗಲಿ, ಮುಖ್ಯ ಸದ್ಗುಣವೆಂದಾಗಲಿ ಒಪ್ಪಲಿಲ್ಲ. 1964ರಲ್ಲಿ ಪ್ರಕಟವಾದ ಅವರ ಪ್ರಬಂಧ ಸಂಕಲನದ ಹೆಸರಿನಲ್ಲಿಯೇ ಸ್ವಾರ್ಥವನ್ನು ಸದ್ಗುಣವೆಂದು ಕರೆದಿದ್ದಾರೆ.

ಈ ದರ್ಶನಕ್ಕೆ ಆಕ್ಷೇಪಗಳು ಒಂದೇ ಪಕ್ಷದಿಂದ ಬಂದವುಗಳಲ್ಲ. ಕಮ್ಯುನಿಸಮ್ಮನ್ನು ತೊರೆದು ಅದರ ಕಡುವಿರೋಧಿಯಾಗಿದ್ದ ವಿಟ್ಟೇಕರ್ ಚೇಂಬರ್ಸ್, 1957ರ ಡಿಸೆಂಬರಿನಲ್ಲಿ ಸಂಪ್ರದಾಯವಾದಿ ಪತ್ರಿಕೆಯಾದ 'ನ್ಯಾಷನಲ್ ರಿವ್ಯೂ'ನಲ್ಲಿ ಅತಿ ಕಟುವಾದ ವಿಮರ್ಶೆ ಬರೆದರು. ಲೋಕವನ್ನು ಪೂರ್ಣ ಒಳ್ಳೆಯವರು, ಪೂರ್ಣ ಕೆಟ್ಟವರು ಎಂದು ಸೀಳುವ ಲೇಖಕಿಯ ಧ್ವನಿಯಲ್ಲಿ, ಒಪ್ಪದವರನ್ನು ಸಾವಿಗೆ ಅಟ್ಟುವ ಸರ್ವಾಧಿಕಾರದ ಛಾಯೆಯಿದೆ ಎಂಬುದು ಅವರ ಆಕ್ಷೇಪದ ಸಾರ. ಸರ್ವಾಧಿಕಾರದಿಂದ ತಪ್ಪಿಸಿಕೊಂಡು ಬಂದ ಮಹಿಳೆಯ ಮೇಲೆ ಹೊರಿಸಿದ ಈ ಆರೋಪ ಮಿತಿಮೀರಿದುದೆಂದು ಹಲವರಿಗೆ ತೋರಿತು. ಆದರೂ ಸುರಂಗದ ಪ್ರಸಂಗವನ್ನು ಓದಿದವರಿಗೆ ಆ ಮಾತು ಎಲ್ಲಿಂದ ಹುಟ್ಟಿತೆಂಬುದು ತಿಳಿಯುತ್ತದೆ.

ತತ್ತ್ವಜ್ಞರ ಆಕ್ಷೇಪ ಬೇರೆಯ ಬಗೆಯದು. 1961ರಲ್ಲಿ ಸಿಡ್ನಿ ಹುಕ್, ಒಂದು ವಸ್ತು ಅದೇ ವಸ್ತು ಎಂಬ ತರ್ಕಸೂತ್ರವೊಂದರಿಂದ ಅರ್ಥನೀತಿ, ರಾಜನೀತಿ, ಧರ್ಮನೀತಿಗಳನ್ನೆಲ್ಲ ಹಿಂಡಿ ತೆಗೆಯಲಾಗದು ಎಂದು ತೋರಿಸಿದರು. ರಾಬರ್ಟ್ ನೋಜಿಕ್ 1971ರ ಲೇಖನದಲ್ಲಿ ಇನ್ನೂ ಸೂಕ್ಷ್ಮವಾದ ಪ್ರಶ್ನೆಯೆತ್ತಿದರು. ನೋಜಿಕ್ ಸ್ವತಃ ವ್ಯಕ್ತಿಸ್ವಾತಂತ್ರ್ಯದ, ಕನಿಷ್ಠ ಸರ್ಕಾರದ ಪ್ರತಿಪಾದಕರು. ರಾಂಡ್ ಅವರ ತೀರ್ಮಾನಗಳಲ್ಲಿ ಕೆಲವು ಅವರಿಗೂ ಪ್ರಿಯ. ಆದರೆ ಆ ತೀರ್ಮಾನಗಳಿಗೆ ಕಟ್ಟಿದ ಮೆಟ್ಟಿಲುಗಳು ಭದ್ರವಾಗಿಲ್ಲವೆಂದು ಅವರು ಕಂಡರು. ಬದುಕಿದ್ದವನಿಗೆ ಮಾತ್ರ ಮೌಲ್ಯಗಳುಂಟು ಎಂದ ಮಾತ್ರಕ್ಕೆ ಬದುಕೇ ಪರಮ ಮೌಲ್ಯವೆಂದು ಸಿದ್ಧವಾಗುವುದೇ? ನನ್ನ ಬದುಕು ನನಗೆ ಪರಮವಾದರೆ, ನಿನ್ನ ಹಕ್ಕನ್ನು ನಾನೇಕೆ ಗೌರವಿಸಬೇಕು? ಯಾರಿಗೂ ತಿಳಿಯದಂತೆ, ಶಿಕ್ಷೆಯ ಭಯವಿಲ್ಲದೆ ಮೋಸಮಾಡಿ ಲಾಭಗಳಿಸುವ ಅವಕಾಶ ಬಂದಾಗ ಶುದ್ಧ ಸ್ವಾರ್ಥವು ಅವನನ್ನು ಏನೆಂದು ಹೇಳಿ ತಡೆಯಬಲ್ಲುದು? 1978ರಲ್ಲಿ ಡಗ್ಲಸ್ ಡೆನ್ ಯುಯಿಲ್ ಮತ್ತು ಡಗ್ಲಸ್ ರಾಸ್‌ಮುಸೆನ್ ಎಂಬ ವಿದ್ವಾಂಸರು ರಾಂಡ್ ಪರವಾಗಿ ಇದಕ್ಕೆ ಸಮಾಧಾನ ಬರೆದರು. ವಾದ ಇನ್ನೂ ಮುಗಿದಿಲ್ಲ.

ಕಾದಂಬರಿಯೊಳಗೆ ಈ ಪ್ರಶ್ನೆ ಏಳುವುದೇ ಇಲ್ಲವೆಂಬುದು ಮುಖ್ಯ. ಅಲ್ಲಿ ನಾಯಕರು ಮೋಸಕ್ಕೆ ಮನಸೋಲುವುದಿಲ್ಲ. ಅವರ ಹಿತಗಳು ಒಂದನ್ನೊಂದು ಕೆಣಕುವುದಿಲ್ಲ. ಒಬ್ಬಳೇ ಹೆಣ್ಣನ್ನು ಪ್ರೀತಿಸಿದ ಮೂವರು ಗಂಡಸರೂ ದ್ವೇಷವಿಲ್ಲದೆ ಸ್ನೇಹಿತರಾಗಿ ಉಳಿಯುತ್ತಾರೆ. ಹೀಗೆ ಲೇಖಕಿಯೇ ಕೀರ್ದಿ ಬರೆದು, ಲೇಖಕಿಯೇ ಖಾತೆಗೆ ಏರಿಸಿ, ಲೇಖಕಿಯೇ ಲೆಕ್ಕಪರಿಶೋಧಕರಾಗಿ ಸರಿಯಿದೆಯೆಂದು ರುಜು ಹಾಕಿದ್ದಾರೆ. ಇಂತಹ ಅಡಾವೆ ಪತ್ರಿಕೆಯನ್ನು ಯಾವ ಟ್ರಸ್ಟಿನ ಮಹಾಸಭೆಯೂ ಅಂಗೀಕರಿಸುವುದಿಲ್ಲ.

ಲೋಕದ ಪರೀಕ್ಷೆ

ಕಥೆಯ ಹೊರಗೆ ಈ ತತ್ತ್ವಕ್ಕೆ ಎರಡು ಪರೀಕ್ಷೆಗಳು ಎದುರಾದವು. ಮೊದಲನೆಯದು ರಾಂಡ್ ಅವರ ಶಿಷ್ಯವೃಂದದಲ್ಲಿ. ವ್ಯಂಗ್ಯವಾಗಿ ತಮ್ಮನ್ನು 'ಸಮೂಹ'ವೆಂದು ಕರೆದುಕೊಂಡ ಈ ಚಿಕ್ಕ ಗುಂಪಿನ ಪ್ರಮುಖ ನೆಥಾನಿಯಲ್ ಬ್ರಾಂಡೆನ್ 1958ರಲ್ಲಿ ಉಪನ್ಯಾಸಗಳ ಸಂಸ್ಥೆಯನ್ನು ಆರಂಭಿಸಿದರು. 1968ರಲ್ಲಿ ವೈಯಕ್ತಿಕ ಕಾರಣಗಳಿಂದ ಗುರುಶಿಷ್ಯರು ಬೇರ್ಪಟ್ಟರು, ಸಂಸ್ಥೆ ಮುಚ್ಚಿತು, ಯಾರ ಪಕ್ಷವೆಂದು ಅನುಯಾಯಿಗಳು ಆರಿಸಿಕೊಳ್ಳಬೇಕಾಯಿತು. ಸ್ವತಂತ್ರ ಬುದ್ಧಿಯನ್ನು ಪರಮ ಗುಣವೆಂದು ಸಾರಿದ ಗುಂಪಿನಲ್ಲಿ ಗುರುವಿನ ಮಾತಿಗೆ ಎದುರಾಡಿದವರಿಗೆ ಜಾಗವಿರಲಿಲ್ಲ ಎಂಬುದನ್ನು ಅಲ್ಲಿದ್ದವರೇ ನಂತರ ಬರೆದಿದ್ದಾರೆ.

ಎರಡನೆಯ ಪರೀಕ್ಷೆ ಲೋಕವ್ಯಾಪಿಯಾದುದು. ಆ ವೃಂದದಲ್ಲಿದ್ದ ಅರ್ಥಶಾಸ್ತ್ರಜ್ಞ ಆಲನ್ ಗ್ರೀನ್‌ಸ್ಪಾನ್ 1963ರ ಪ್ರಬಂಧವೊಂದರಲ್ಲಿ, ಗ್ರಾಹಕನ ನಿಜವಾದ ರಕ್ಷಕ ಸರ್ಕಾರದ ಕಟ್ಟಳೆಯಲ್ಲ, ಒಳ್ಳೆಯ ಹೆಸರನ್ನು ಉಳಿಸಿಕೊಳ್ಳಬೇಕೆಂಬ ವ್ಯಾಪಾರಿಯ ಸ್ವಾರ್ಥವೇ ಎಂದು ವಾದಿಸಿದ್ದರು. 1987ರಿಂದ 2006ರವರೆಗೆ ಅವರು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದರು. 2008ರಲ್ಲಿ ದೊಡ್ಡ ಹಣಕಾಸು ಸಂಸ್ಥೆಗಳು ಕುಸಿದಾಗ, ಅಕ್ಟೋಬರ್ 23ರಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ಸಂಸ್ಥೆಗಳ ಸ್ವಹಿತವೇ ಅವುಗಳ ಷೇರುದಾರರನ್ನು ಕಾಪಾಡುವುದೆಂಬ ತಮ್ಮ ನಂಬಿಕೆಯಲ್ಲಿ ದೋಷವಿತ್ತೆಂದು ಅವರು ಒಪ್ಪಿಕೊಂಡರು. ಈ ಕುಸಿತಕ್ಕೆ ಸರ್ಕಾರದ ನೀತಿಗಳೇ ಕಾರಣವೆಂದೂ, ಕೇಂದ್ರ ಬ್ಯಾಂಕೆಂಬುದೇ ತಮ್ಮ ಸಿದ್ಧಾಂತಕ್ಕೆ ಹೊರಗಿನದೆಂದೂ ರಾಂಡ್ ಅನುಯಾಯಿಗಳು ಹೇಳುತ್ತಾರೆ. ಆ ಮಾತಿನಲ್ಲಿ ಒಂದಂಶ ಹುರುಳಿರಬಹುದು. ಆದರೆ ಹೆಸರಿನ ಮೋಹವೊಂದೇ ಲೋಭವನ್ನು ತಡೆಯಲಾರದೆಂಬುದಂತೂ ಅಂದು ಬಯಲಾಯಿತು. ಸಾಲ ಮಾರಿ ವರ್ಷಾಂತ್ಯದ ಬಹುಮಾನ ಪಡೆದವನು ಬೇರೆ. ಸಾಲ ಮುಳುಗಿದಾಗ ಮನೆ ಕಳೆದುಕೊಂಡವನು ಬೇರೆ.

ಬಿಟ್ಟುಹೋದ ಬಾಬು

ಇಷ್ಟೆಲ್ಲ ಚರ್ಚೆಯ ಆಳದಲ್ಲಿ ಒಂದು ದೋಷ ಅಡಗಿದೆ. ಗಾಲ್ಟನ ಕಣಿವೆಯಲ್ಲಿ 'ಕೊಡು' ಎಂಬ ಶಬ್ದಕ್ಕೆ ನಿಷೇಧವಿದೆ. ಸ್ನೇಹಿತನ ಮೋಟಾರನ್ನು ಬಳಸಿದರೂ 25 ಸೆಂಟುಗಳ ಬಾಡಿಗೆ ತೆರಬೇಕು. ಇದು ವ್ಯಾಪಾರದ ಪರಮಾದರ್ಶವೆಂದು ತೋರಬಹುದು. ವ್ಯಾಪಾರವನ್ನು ಬಲ್ಲವರು ಮಾತ್ರ ಇದನ್ನು ಒಪ್ಪಲಾರರು. ಉದ್ದರಿ ಕೊಡುವವನು ಸರಕಿನೊಡನೆ ನಂಬಿಕೆಯನ್ನೂ ಕೊಡುತ್ತಾನೆ. ಆ ನಂಬಿಕೆಗೆ ಬಿಲ್ಲು ಬರೆಯುವುದಿಲ್ಲ. ಅಂಗಡಿಯ ಮೆಟ್ಟಿಲಲ್ಲಿ ಕೂರಿಸಿ ತೂಕ, ಅಳತೆ, ಮಾತಿನ ಮರ್ಯಾದೆಗಳನ್ನು ಕಲಿಸಿದ ಹಿರಿಯರು ಅದಕ್ಕೆ ಶುಲ್ಕ ಪಡೆದವರಲ್ಲ. ವಿನಿಮಯವೆಂಬ ಮರ ನಿಂತಿರುವುದು ವಿನಿಮಯವಲ್ಲದ ಮಣ್ಣಿನಲ್ಲಿ.

ರಾಂಡ್ ಅವರ ಜೀವನವೇ ಇದಕ್ಕೆ ಸಾಕ್ಷಿ. 'ಅಟ್ಲಾಸ್ ಶ್ರಗ್ಡ್' ಕೃತಿಯ ಕೊನೆಯಲ್ಲಿ ಸೇರಿಸಿದ ಆತ್ಮಪರಿಚಯದಲ್ಲಿ, ತಮಗೆ ಯಾರೂ ಸಹಾಯ ಮಾಡಲಿಲ್ಲ, ಸಹಾಯ ಮಾಡುವುದು ಯಾರ ಕರ್ತವ್ಯವೆಂದೂ ತಾವು ಭಾವಿಸಲಿಲ್ಲ ಎಂಬ ಅರ್ಥದ ಮಾತನ್ನು ಅವರು ಬರೆದಿದ್ದಾರೆ. ಜೀವನಚರಿತ್ರೆಗಳು ತಿಳಿಸುವ ಸಂಗತಿ ಬೇರೆ. ತಾಯಿ ತನ್ನ ಒಡವೆ ಮಾರಿ ಮಗಳ ಪ್ರಯಾಣಕ್ಕೆ ಹಣ ಹೊಂದಿಸಿದರು. ಶಿಕಾಗೋದ ಬಂಧುಗಳು ಆಕೆಯನ್ನು ಕರೆಸಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿಟ್ಟು ಸಾಕಿದರು. 'ದಿ ಫೌಂಟನ್‌ಹೆಡ್' ಪ್ರಕಟವಾಗದಿದ್ದರೆ ತಾನು ಕೆಲಸ ಬಿಡುವೆನೆಂಬಂತೆ ಆರ್ಚಿಬಾಲ್ಡ್ ಆಗ್ಡನ್ ಎಂಬ ಯುವ ಸಂಪಾದಕ ಪಟ್ಟುಹಿಡಿದರು. ನೆರವು ಪಡೆದುದು ರಾಂಡ್ ಅವರಿಗೆ ಕಳಂಕವೇನೂ ಅಲ್ಲ; ನೆರವಿಲ್ಲದೆ ಬೆಳೆದ ಮನುಷ್ಯನೇ ಇಲ್ಲ. ಅವರ ಪರಿಶ್ರಮವೂ ಸುಳ್ಳಲ್ಲ. ದೋಷವಿರುವುದು ಆ ಸಿದ್ಧಾಂತದ ಖಾತೆಯಲ್ಲಿ: ಜಮಾದ ಕಡೆ ಸ್ವಂತ ದುಡಿಮೆಯೊಂದನ್ನೇ ಬರೆದು, ಋಣವೆಂಬ ಬಾಬನ್ನು ಬರೆಯಲು ಅದರಲ್ಲಿ ಪುಟವನ್ನೇ ಇಟ್ಟಿಲ್ಲ.

ಸ್ವಪರ ಹಿತ

ಜೈನ ಓದುಗರಿಗೆ ಈ ವಾದ ತೀರ ಹೊರಗಿನದಲ್ಲ. ಸೃಷ್ಟಿಕರ್ತನ ಕೃಪೆಯನ್ನು ನೆಚ್ಚದೆ, ತನ್ನ ಕರ್ಮಕ್ಕೆ ತಾನೇ ಹೊಣೆ, ತನ್ನ ಉದ್ಧಾರಕ್ಕೆ ತನ್ನ ಪುರುಷಾರ್ಥವೇ ಸಾಧನ ಎಂದು ಸಾರಿದ ಧರ್ಮದಲ್ಲಿ ಬೆಳೆದ ತರುಣನಿಗೆ ರೋರ್ಕನ ಸ್ವಾವಲಂಬನೆ ಪರಿಚಿತವೆನಿಸುವುದು ಸಹಜ. ಭೇದವಿರುವುದು ಮುಂದಿನ ಹೆಜ್ಜೆಯಲ್ಲಿ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಜೀವಗಳ ಪರಸ್ಪರ ಉಪಕಾರವನ್ನು ಹೇಳುವುದು ವ್ರತಗಳ ಅಧ್ಯಾಯದಲ್ಲಿ ಅಲ್ಲ, ದ್ರವ್ಯಗಳನ್ನು ವಿವರಿಸುವ ಐದನೆಯ ಅಧ್ಯಾಯದಲ್ಲಿ. ಆಕಾಶವು ಅವಕಾಶ ಕೊಡುವುದು ಹೇಗೆ ವಸ್ತುಸ್ಥಿತಿಯೋ, ಜೀವಗಳು ಒಂದಕ್ಕೊಂದು ನೆರವಾಗುವುದೂ ಹಾಗೆಯೇ ವಸ್ತುಸ್ಥಿತಿ ಎಂಬುದು ಅದರ ಧ್ವನಿ. ಮನುಷ್ಯನ ಸ್ವಭಾವದಿಂದಲೇ ನೀತಿಯನ್ನು ಹುಡುಕಬೇಕೆಂದು ಹಟ ಹಿಡಿದ ರಾಂಡ್, ಆ ಸ್ವಭಾವದ ಈ ಮುಖವನ್ನು ಗಮನಿಸದೆ ಹೋದರು.

ದಾನವೆಂದರೆ ತನ್ನನ್ನು ಬಲಿಕೊಡುವುದು ಎಂಬ ಭಾವನೆಯೂ ಹೀಗೆಯೇ ತಪ್ಪಾದುದು. ದಾನದ ಸೂತ್ರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬರೆದ ವಿವರಣೆಯಂತೆ, ದಾನದಿಂದ ಆಗುವ ಉಪಕಾರ ಕೊಟ್ಟವನಿಗೂ ಉಂಟು, ಪಡೆದವನಿಗೂ ಉಂಟು. ಬಂದೂಕಿನ ಭಯದಿಂದ ಕಿತ್ತುಕೊಂಡ ಔಷಧದಂಗಡಿ ದಾನವಾಗಲಿಲ್ಲ. ಅದನ್ನು ದಾನವೆಂದು ಕರೆದವರು ಸುಳ್ಳು ನುಡಿದರು. ಆ ಸುಳ್ಳನ್ನು ಕಂಡು ಕೆರಳಿದ ಬಾಲಕಿ ದಾನವನ್ನೇ ಸುಳ್ಳೆಂದು ತಿಳಿದಳು. ಆಕೆಯ ದುರಂತ ಇದೇ.

ಈ ಇತಿಹಾಸದಿಂದ ಟ್ರಸ್ಟುಗಳ ಹಿರಿಯರೂ ಕಲಿಯಬೇಕಾದುದಿದೆ. ಸಂಕೋಚದಿಂದ, ಒತ್ತಡದಿಂದ ಎತ್ತಿದ ವಂತಿಗೆಯು ತರುಣರನ್ನು ಧರ್ಮದಿಂದ ದೂರಮಾಡುತ್ತದೆ. ಲೆಕ್ಕ ಕೊಡದ ಸಂಸ್ಥೆಯು ಸ್ವಾರ್ಥದ ಕಾದಂಬರಿಗಳಿಗೆ ತಾನೇ ಓದುಗರನ್ನು ಒದಗಿಸುತ್ತದೆ. ಕೊಟ್ಟ ಹಣ ಯಾವ ವಿದ್ಯಾರ್ಥಿಗೆ ಊಟವಾಯಿತು, ಯಾವ ರೋಗಿಗೆ ಔಷಧವಾಯಿತು, ಯಾವ ಬಸದಿಯ ಸೋರುವ ಮಾಡಿಗೆ ಹೊದಿಕೆಯಾಯಿತು ಎಂಬುದನ್ನು ತೆರೆದಿಟ್ಟು ತೋರಿಸಲಿ. 'ನನ್ನ ದುಡಿಮೆಯ ಮೇಲೆ ಯಾರಿಗೆ ಹಕ್ಕು?' ಎಂದು ಕೇಳುವ ತರುಣನಿಗೆ, ಹಕ್ಕಿನ ಮಾತು ಬೇಡ, ನಿನ್ನ ಖಾತೆಯಲ್ಲಿ ಬರೆಯದೆ ಬಿಟ್ಟ ಋಣಗಳನ್ನು ಒಮ್ಮೆ ಬರೆದು ನೋಡು ಎಂದು ಹೇಳಬಹುದು. ಪ್ರಾಮಾಣಿಕವಾಗಿ ಬರೆದವನಿಗೆ ಶಿಲ್ಕು ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ.